ಎರಡನೇ ಇಯತ್ತೆಯ ಪುಸ್ತಕದಿಂದ ಪರಭಾಷೆ

(ಭೋಸರಿಯ ಕನ್ನಡಿಗರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ಪಠ್ಯ)

ಪುಣೆಯ ಪಕ್ಕದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ವಾರದ ಸುಟಿ ಭಾನುವಾರ ಅಲ್ಲ, ಗುರುವಾರ. ಕರೆಂಟು ಹಂಚಿಕೊಳ್ಳಲು ಎಂದೋ ಮಾಡಿದ ಏರ್ಪಾಡು ಈಗ ಊರಿನ ರೂಢಿಯೇ ಆಗಿದೆ. ಆ ದಿನ ಬೆಳಿಗ್ಗೆ ಲಾಂಡೇವಾಡಿಯ ಚಹಾ ಅಂಗಡಿಗಳ ಮುಂದೆ ಆಳಂದ, ಇಂಡಿ, ಸಿಂದಗಿ, ಬೀದರ ಕಡೆಯ ಕನ್ನಡ ಧಾರಾಳವಾಗಿ ಕಿವಿಗೆ ಬೀಳುತ್ತದೆ. ಅದೇ ಬಾಯಿ ಚಹಾದವನ ಕಡೆ ತಿರುಗಿದ ಕೂಡಲೇ ಮರಾಠಿ ಆಡುತ್ತದೆ. ಊರಿಂದ ಬಂದು ಆರು ತಿಂಗಳಾದ ಹೆಲ್ಪರ್ ಹುಡುಗನೂ ಸುಪರ್‌ವೈಜರನ ಬೈಗುಳಕ್ಕೆ ಮರಾಠಿಯಲ್ಲೇ ಉತ್ತರ ಕೊಡಬಲ್ಲ. ಆದರೆ ಮಹಾನಗರಪಾಲಿಕೆಯ ನೋಟೀಸು, ಬಾಡಿಗೆ ಮನೆಯ ಕರಾರುಪತ್ರ, ಮಗಳ ಶಾಲೆಯ ಡೈರಿಯಲ್ಲಿ ಟೀಚರಬಾಯಿ ಬರೆದು ಕಳಿಸಿದ ನಾಲ್ಕು ಸಾಲು ಎದುರಿಗೆ ಬಂದಾಗ ಆ ಮರಾಠಿ ತಟ್ಟನೆ ನಿಂತುಬಿಡುತ್ತದೆ. ಕಾಗದ ಮಗಳ ಕೈಗೆ ಹೋಗುತ್ತದೆ. ‘ಮಾತಾಡ್ಲಿಕ್ಕೆ ಬರ್ತದ್ರೀ, ಓದ್ಲಿಕ್ಕೆ ಅಷ್ಟ್ ಬರಂಗಿಲ್ಲ’ ಎನ್ನುವುದು ಇಲ್ಲಿ ಮನೆಮನೆಯ ಮಾತು.

ಓದಲು ಬರುವುದಿಲ್ಲ ಎಂದರೆ ಅಕ್ಷರ ಬರುವುದಿಲ್ಲ ಎಂದಲ್ಲ. ಕರ್ನಾಟಕದ ಶಾಲೆಯಲ್ಲಿ ಹಿಂದಿ ಕಲಿತವರಿಗೆ ದೇವನಾಗರಿ ಗೊತ್ತೇ ಇರುತ್ತದೆ, ಮರಾಠಿಗೂ ಅದೇ ಲಿಪಿ. ಉತ್ತರ ಕರ್ನಾಟಕದವರಿಗಂತೂ ಅರ್ಧ ಬಂಡವಾಳ ಹುಟ್ಟಿನಿಂದಲೇ ಬಂದಿದೆ. ಪಗಾರ, ಕಾಳಜಿ, ತಕ್ರಾರು, ಅಡಚಣಿ, ದವಾಖಾನೆ, ಖುರ್ಚಿ, ಇವೆಲ್ಲ ಆ ಮನೆಗೂ ಸೇರಿದವು, ಈ ಮನೆಗೂ ಸೇರಿದವು. ಹೀಗಿದ್ದೂ ಮರಾಠಿ ಓದು ಕೈಗೆ ಹತ್ತದಿರಲು ಕಾರಣ ಬುದ್ಧಿಯ ಕೊರತೆಯೂ ಅಲ್ಲ, ಪುರುಸೊತ್ತಿನ ಕೊರತೆಯೂ ಅಲ್ಲ. ಮೊದಲು ಕೈಗೆ ಎತ್ತಿಕೊಳ್ಳುವ ಪುಸ್ತಕವೇ ತಪ್ಪು ಎಂಬುದು ಈ ಉಪನ್ಯಾಸದ ವಾದ.

ಹೇಗೆ ತಪ್ಪುತ್ತದೆ ಎಂಬುದಕ್ಕೆ ಎರಡು ಮಾದರಿಗಳು ಸಾಕು. ದೈವಭಕ್ತರು ಆಳಂದಿಗೆ ಹೋದಾಗ ಜ್ಞಾನೇಶ್ವರಿ ಕೊಂಡು ತರುತ್ತಾರೆ. ಆಳಂದಿ ಭೋಸರಿಗೆ ಹತ್ತಿರದ ಊರು, ಜ್ಞಾನೇಶ್ವರರ ಸಮಾಧಿ ಅಲ್ಲೇ ಇದೆ, ಪುಸ್ತಕದ ಅಂಗಡಿಗಳೂ ಬೇಕಾದಷ್ಟಿವೆ. ಆದರೆ ಅದು 1290ರ ಮರಾಠಿ. ಇವತ್ತಿನ ಮರಾಠಿಗರೇ ಅದನ್ನು ‘ಸಾರ್ಥ’ ಆವೃತ್ತಿಯಲ್ಲಿ, ಪಕ್ಕದಲ್ಲಿ ಅರ್ಥ ಇಟ್ಟುಕೊಂಡು ಓದುತ್ತಾರೆ. ಸಿಂದಗಿಯಿಂದ ಬಂದ ಟರ್ನರ್‌ನಿಗೆ ಅದು ಒಂದೇ ಪುಟಕ್ಕೆ ಕೈಕೊಟ್ಟರೆ ಆಶ್ಚರ್ಯವೇನು? ಪುಸ್ತಕ ದೇವರ ಜಗುಲಿಗೆ ಸೇರುತ್ತದೆ, ಪೂಜೆ ತಪ್ಪುವುದಿಲ್ಲ, ಓದು ಮಾತ್ರ ಅಲ್ಲಿಗೆ ಮುಗಿಯುತ್ತದೆ.

ಎರಡನೆಯವರು ದಿನಪತ್ರಿಕೆ ಹಿಡಿಯುವವರು. ಇದು ನೋಡಲು ಜಾಣತನದ ಹಾದಿ. ಕನ್ನಡಿಗನಿಗೆ ಮರಾಠಿ ಪತ್ರಿಕೆ ಓದಲು ಸಲೀಸು ಅನ್ನಿಸುತ್ತದೆ, ಏಕೆಂದರೆ ನ್ಯಾಯಾಲಯ, ವಿದ್ಯಾಪೀಠ, ಮುಖ್ಯಮಂತ್ರಿ, ಪ್ರದೂಷಣ ಎಂಬ ಸಂಸ್ಕೃತದ ನಾಮಪದಗಳೆಲ್ಲ ಪರಿಚಿತ. ತೊಡಕು ಇರುವುದು ಅವುಗಳ ನಡುವಿನ ಸಣ್ಣ ಸಣ್ಣ ಪದಗಳಲ್ಲಿ ಮತ್ತು ಸಾಲಿನ ಕೊನೆಗೆ ಕೂತ ಕ್ರಿಯಾಪದದಲ್ಲಿ. ಮುಖ್ಯಮಂತ್ರಿ, ರಸ್ತೆ, ಕೋಟಿ ರೂಪಾಯಿ ಎಂಬಷ್ಟು ತಿಳಿಯುತ್ತದೆ. ಕೊಟ್ಟರೋ, ಕೊಡುತ್ತಾರೋ, ಕೊಡಬೇಕಿತ್ತೋ ತಿಳಿಯುವುದಿಲ್ಲ. ಮಕ್ಕಳ ಕಥೆಪುಸ್ತಕದಲ್ಲಿ ತುಂಬಿರುವುದು ಈ ಸಣ್ಣ ಪದಗಳೇ, ಈ ಕ್ರಿಯಾಪದಗಳೇ. ಪತ್ರಿಕೆ ಮುಚ್ಚಿಡುವುದನ್ನು ಎರಡನೇ ಇಯತ್ತೆಯ, ಅಂದರೆ ಎರಡನೇ ತರಗತಿಯ, ಪುಸ್ತಕ ಬಿಚ್ಚಿಡುತ್ತದೆ.

ಮರಾಠಿ ಮಕ್ಕಳೆಲ್ಲ ಕೇಳಿ ಬೆಳೆದ ಏಳು ಬಾಲದ ಇಲಿಯ ಕಥೆಯನ್ನೇ ತೆಗೆದುಕೊಳ್ಳಬಹುದು. ಇಲಿಗೆ ಏಳು ಬಾಲ. ಶಾಲೆಯ ಮಕ್ಕಳು ಚುಡಾಯಿಸುತ್ತಾರೆ. ಇಲಿ ಕ್ಷೌರಿಕನ ಹತ್ತಿರ ಹೋಗಿ ಒಂದು ಬಾಲ ಕತ್ತರಿಸಿಕೊಂಡು ಬರುತ್ತದೆ. ಮರುದಿನ ‘ಆರು ಬಾಲದ ಇಲಿ’ ಎಂದು ಚುಡಾಯಿಸುತ್ತಾರೆ, ಮತ್ತೆ ಹೋಗುತ್ತದೆ. ಹೀಗೆ ಬಾಲವೆಲ್ಲ ಮುಗಿಯುವ ತನಕ. ಪ್ರೌಢ ಓದುಗನಿಗೆ ಇದರಲ್ಲಿ ಏನಿದೆ? ಸಾತ, ಸಹಾ, ಪಾಚ, ಚಾರ, ತೀನ, ದೋನ, ಏಕ ಎಂಬ ಇಳಿಎಣಿಕೆ ಇದೆ. ಅದಕ್ಕಿಂತ ಮುಖ್ಯವಾಗಿ, ಕನ್ನಡಿಗರನ್ನು ಜೀವಮಾನವಿಡೀ ಕಾಡುವ ಒಂದು ವ್ಯಾಕರಣ ಇದೆ. ಮರಾಠಿಯಲ್ಲಿ ‘ನ್ಹಾವ್ಯಾನೇ ಶೇಪಟೀ ಕಾಪಲೀ’ ಎನ್ನಬೇಕು. ಕತ್ತರಿಸಿದವನು ಗಂಡಸು, ಆದರೂ ಕ್ರಿಯಾಪದ ಹೆಣ್ಣು, ಏಕೆಂದರೆ ಭೂತಕಾಲದಲ್ಲಿ ಅದು ಹೊಂದಿಕೊಳ್ಳುವುದು ಕತ್ತರಿಸಿದವನಿಗಲ್ಲ, ಬಾಲಕ್ಕೆ, ಶೇಪಟೀ ಸ್ತ್ರೀಲಿಂಗ. ಕನ್ನಡದಲ್ಲಿ ಇಂಥ ಪದ್ಧತಿಯೇ ಇಲ್ಲ. ಭೋಸರಿಯಲ್ಲಿ ಇಪ್ಪತ್ತು ವರ್ಷ ಕಳೆದವರೂ ‘ಕಾಪಲಾ’ ಅಂದುಬಿಡುತ್ತಾರೆ. ಇದರ ನಿಯಮವನ್ನು ವ್ಯಾಕರಣದ ಪುಸ್ತಕ ಒಂದು ಸಲ ಹೇಳಿ ಮುಂದೆ ಹೋಗುತ್ತದೆ. ಇಲಿಯ ಕಥೆಯಲ್ಲಿ ‘ಕಾಪಲೀ’ ಬಾಲಕ್ಕೊಂದು ಸಲ ಬರುತ್ತದೆ, ಅಂದರೆ ಏಳು ಸಲ. ಐದನೆಯ ಬಾಲದ ಹೊತ್ತಿಗೆ ‘ಕಾಪಲಾ’ ಅನ್ನುವುದು ಕಿವಿಗೆ ಒರಟಾಗಿ ಕೇಳತೊಡಗುತ್ತದೆ.

ಲಿಂಗದ್ದೂ ಇದೇ ಪಾಡು. ತೋ ದರವಾಜಾ, ತೀ ಖಿಡಕೀ, ತೇ ದಾರ. ಬಾಗಿಲಿಗೆ ಎರಡು ಹೆಸರು, ಒಂದು ಪುಲ್ಲಿಂಗ, ಇನ್ನೊಂದು ನಪುಂಸಕ! ಅರ್ಥ ನೋಡಿ ಲಿಂಗ ಹೇಳುವ ಕನ್ನಡಿಗನಿಗೆ ಇದನ್ನು ಪಟ್ಟಿ ಮಾಡಿ ಉರು ಹೊಡೆಯುವುದೆಂದರೆ ತಲೆನೋವು. ಬಾಗಿಲು ತೆರೆಯುವ, ಮುಚ್ಚುವ, ಬಡಿಯುವ ಹತ್ತು ಕಥೆ ಓದಿದವನಿಗೆ ಪಟ್ಟಿ ಬೇಕಾಗುವುದಿಲ್ಲ.

ಪುಸ್ತಕ ಎಷ್ಟು ಸುಲಭವಿರಬೇಕು ಎಂಬುದಕ್ಕೆ ಅಳತೆಯೂ ಉಂಟು. ನ್ಯೂಜಿಲೆಂಡಿನ ಭಾಷಾವಿಜ್ಞಾನಿ ಪಾಲ್ ನೇಷನ್ ಮತ್ತು ಮಾರ್ಸೆಲ್ಲಾ ಹು 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುತ್ತಿದ್ದ 66 ಮಂದಿಗೆ ಒಂದೇ ಕಥೆಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಅಪರಿಚಿತ ಪದ ಬೆರೆಸಿ ಓದಲು ಕೊಟ್ಟರು. ನೂರರಲ್ಲಿ 80 ಪದ ಮಾತ್ರ ಗೊತ್ತಿದ್ದವರಲ್ಲಿ ಒಬ್ಬರಿಗೂ ಕಥೆ ಸಾಕಷ್ಟು ಅರ್ಥವಾಗಲಿಲ್ಲ. 90, 95ರಲ್ಲಿ ಕೆಲವರಿಗಷ್ಟೇ ಆಯಿತು. ಯಾರ ಸಹಾಯವೂ ಇಲ್ಲದೆ ಸುಖವಾಗಿ ಓದಲು ನೂರಕ್ಕೆ 98 ಪದ ಗೊತ್ತಿರಬೇಕು ಎಂದು ಅವರು ಲೆಕ್ಕ ಹಾಕಿದರು. 200 ಪದಗಳ ಪುಟದಲ್ಲಿ ಗೊತ್ತಿಲ್ಲದ ಪದ ನಾಲ್ಕೇ ಇರಬೇಕು ಎಂದಾಯಿತು. ನಾಲ್ಕಾದರೆ ಕಥೆಯ ಓಟದಲ್ಲಿ ಊಹಿಸಿಕೊಳ್ಳಬಹುದು. ಇಪ್ಪತ್ತಾದರೆ ಡಿಕ್ಷನರಿ ತೆಗೆಯಬೇಕು. ನಲವತ್ತಾದರೆ ಪುಸ್ತಕ ಮಡಚಬೇಕು.

‘ನನ್ನ ಮಟ್ಟದ ಪುಸ್ತಕ ಯಾವುದು’ ಎಂಬ ಪ್ರಶ್ನೆಗೆ ಇದಕ್ಕಿಂತ ಸರಳ ಉತ್ತರವಿಲ್ಲ. ಅಂಗಡಿಯಲ್ಲೇ ನಿಂತು ನಡುವಿನ ಒಂದು ಪುಟ ತೆಗೆದು, ತಿಳಿಯದ ಪದಕ್ಕೊಂದರಂತೆ ಬೆರಳು ಮಡಿಸುತ್ತ ಹೋಗುವುದು. ಒಂದು ಕೈಯ ಬೆರಳು ಮುಗಿಯುವುದರೊಳಗೆ ಪುಟ ಮುಗಿದರೆ ಪುಸ್ತಕ ಕೊಳ್ಳಬಹುದು. ಎರಡೂ ಕೈ ಮುಗಿದರೆ ಕೈಮುಗಿದು ಅಲ್ಲೇ ಇಟ್ಟು ಬರುವುದು ಒಳ್ಳೆಯದು.

ಮಟ್ಟಕ್ಕೆ ತಕ್ಕ ಪುಸ್ತಕ ಎಂಬ ವಿಚಾರ ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಬೆಳೆದದ್ದೆಂದು ತಿಳಿಯುವವರಿದ್ದಾರೆ. ಅದರ ದೊಡ್ಡ ಪ್ರಯೋಗಶಾಲೆ ಢಾಕಾ. ಮೈಕೇಲ್ ವೆಸ್ಟ್ ಎಂಬ ಇಂಗ್ಲಿಷ್ ಶಿಕ್ಷಣಾಧಿಕಾರಿ ಅಲ್ಲಿನ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದರು. ಬಂಗಾಳದ ಹುಡುಗರು ವರ್ಷಗಟ್ಟಲೆ ಇಂಗ್ಲಿಷ್ ಕಲಿತರೂ ಒಂದು ಪುಸ್ತಕ ಓದಲಾರರು ಎಂಬುದನ್ನು ಕಂಡರು. ಪಠ್ಯಪುಸ್ತಕಗಳನ್ನು ಬಿಡಿಸಿ ನೋಡಿದರೆ ಹೊಸ ಪದಗಳು ಗುಂಪುಗುಂಪಾಗಿ ಬಂದು ಬೀಳುತ್ತಿದ್ದವು, ಒಮ್ಮೆ ಬಂದದ್ದು ಮತ್ತೆ ಬರುತ್ತಿರಲಿಲ್ಲ. ವೆಸ್ಟ್ ಅಪರೂಪದ ಪದಗಳನ್ನು ತೆಗೆದುಹಾಕಿ, ಉಳಿದವನ್ನು ದೂರ ದೂರಕ್ಕೆ ಹರಡಿ, ಒಂದೊಂದನ್ನೂ ಮತ್ತೆ ಮತ್ತೆ ಬರುವಂತೆ ಹೊಸ ವಾಚನಮಾಲೆ ಬರೆದರು. 1926ರಲ್ಲಿ ಬಂಗಾಳದ ದ್ವಿಭಾಷಿಕತೆಯ ಮೇಲೆ ಅವರ ಗ್ರಂಥ ಬಂತು, 1953ರಲ್ಲಿ ಸುಮಾರು 2000 ಪದಗಳ ಪ್ರಸಿದ್ಧ ಪಟ್ಟಿ.

ಆ ಗ್ರಂಥದಲ್ಲಿ ಭೋಸರಿಗೆ ಹೇಳಿ ಬರೆಸಿದಂತಿರುವ ಒಂದು ವಿಚಾರವಿದೆ. ವಿಮೆ ಮಾಡಿಸಿದವರಿಗೆಲ್ಲ ಸರೆಂಡರ್ ವ್ಯಾಲ್ಯೂ ಗೊತ್ತು: ಪಾಲಿಸಿಯನ್ನು ನಡುವೆ ಬಿಟ್ಟರೆ ಕೈಗೆ ಎಷ್ಟು ಹತ್ತುತ್ತದೆ ಎಂಬ ಲೆಕ್ಕ. ಭಾಷಾಕಲಿಕೆಗೂ ವೆಸ್ಟ್ ಇದೇ ಲೆಕ್ಕ ಹಚ್ಚಿದರು. ಆಗ ಬಹುಪಾಲು ಮಕ್ಕಳು ನಾಲ್ಕೈದು ವರ್ಷಕ್ಕೆ ಶಾಲೆ ಬಿಡುತ್ತಿದ್ದರು. ಬಿಟ್ಟ ದಿನ ಅವರ ಕೈಯಲ್ಲಿ ಏನು ಉಳಿಯಿತು? ಅರೆಬರೆ ಮಾತು ಬೇಗ ಮಾಸುತ್ತದೆ, ಸರಳ ಪುಸ್ತಕ ಓದುವ ಶಕ್ತಿ ಬಂದಿದ್ದರೆ ಅದನ್ನು ಒಬ್ಬನೇ ಬೆಳೆಸಿಕೊಂಡು ಹೋಗಬಹುದು. ಇವತ್ತು ಭೋಸರಿ, ನಾಳೆ ಚಾಕಣ, ಮುಂದಿನ ವರ್ಷ ಗುತ್ತಿಗೆ ಮುಗಿದರೆ ಸಾನಂದವೋ ಹೊಸೂರೋ ಎನ್ನುವ ಕಾರ್ಮಿಕನಿಗೆ ತರಗತಿಯ ಕೋರ್ಸು ಎಂದೂ ಪೂರ್ತಿಯಾಗದ ಪಾಲಿಸಿ. ಚೀಲದಲ್ಲಿರುವ ಕಥೆಪುಸ್ತಕಕ್ಕೆ ಹಾಜರಿ ಬೇಕಿಲ್ಲ, ನೈಟ್ ಶಿಫ್ಟ್ ಬಂದರೆ ಅದು ಕಾಯುತ್ತದೆ.

ಇದು ನಿಜಕ್ಕೂ ಫಲ ಕೊಡುತ್ತದೆಯೇ? ಫಿಜಿ ದ್ವೀಪದಲ್ಲಿ ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಹಳ್ಳಿಶಾಲೆಗಳ ನಾಲ್ಕು ಮತ್ತು ಐದನೇ ತರಗತಿಗಳಲ್ಲಿ ಇದನ್ನು ಪರೀಕ್ಷಿಸಿದರು. ಕೆಲವು ತರಗತಿಗಳಿಗೆ ಸುಮಾರು 250 ಇಂಗ್ಲಿಷ್ ಕಥೆಪುಸ್ತಕ ಕೊಟ್ಟರು, ಉಳಿದವು ಹಳೆಯ ಪದ್ಧತಿಯಲ್ಲೇ ವಾಕ್ಯಗಳ ಉರು ಮುಂದುವರಿಸಿದವು. 1983ರಲ್ಲಿ ಫಲಿತಾಂಶ ಪ್ರಕಟವಾಯಿತು. ಪುಸ್ತಕ ಸಿಕ್ಕ ಮಕ್ಕಳು ಓದು ಮತ್ತು ಗ್ರಹಿಕೆಯಲ್ಲಿ ಇಮ್ಮಡಿ ವೇಗದಲ್ಲಿ ಮುಂದೆ ಹೋಗಿದ್ದರು. ಎರಡನೆಯ ವರ್ಷದಲ್ಲಿ ಬರವಣಿಗೆಯಲ್ಲೂ ವ್ಯಾಕರಣದಲ್ಲೂ ಅವರೇ ಮುಂದು, ವ್ಯಾಕರಣವನ್ನು ಅವರಿಗೆ ಪ್ರತ್ಯೇಕವಾಗಿ ಕಲಿಸದಿದ್ದರೂ.

ಪುಣೆಯ ಎಂಜಿನಿಯರುಗಳಲ್ಲಿ ಜಪಾನಿ ಕಲಿಯುವವರು ಬಹಳ. ಚಾಕಣ, ರಾಂಜಣಗಾಂವದ ಜಪಾನಿ ಕಂಪನಿಗಳಿಂದಾಗಿ ಎನ್5, ಎನ್4 ಪರೀಕ್ಷೆಯ ಮಾತು ಭೋಸರಿಯ ಮೆಸ್ಸುಗಳವರೆಗೂ ಬಂದಿದೆ. ಅವರಿಗೆ ಜಪಾನಿನಲ್ಲೇ ಬೆಳೆದ ‘ತದೋಕು’ ಪದ್ಧತಿ ಗೊತ್ತಿರುವುದು ಒಳ್ಳೆಯದು. ರಾಶಿ ಓದು ಎಂಬುದೇ ಅದರ ಅರ್ಥ. ಅದರ ಕಟ್ಟಳೆಗಳು ಶಾಲೆಯ ಮೇಷ್ಟ್ರಿಗೆ ಸಿಟ್ಟು ತರಿಸುವಂಥವು: ಅತಿ ಸುಲಭದ್ದರಿಂದ ಶುರುಮಾಡು, ಡಿಕ್ಷನರಿ ಮುಟ್ಟಬೇಡ, ತಿಳಿಯದ್ದನ್ನು ಹಾರಿಸಿ ಹೋಗು, ಬೇಜಾರಾದರೆ ಆ ಪುಸ್ತಕ ಬಿಟ್ಟು ಬೇರೆ ತೆಗೆ. ಸುಮಾರು 350 ಪದ ಬಲ್ಲವನೂ ಓದಬಹುದಾದ ತೆಳ್ಳನೆಯ ಪುಸ್ತಕಗಳು ಅಲ್ಲಿ ಮಟ್ಟವಾರು ಅಚ್ಚಾಗಿವೆ.

ಡಿಕ್ಷನರಿ ಮುಟ್ಟದಿರುವುದು ನಮ್ಮವರಿಗೆ ಕಷ್ಟ. ಪದ ಪದದ ಅರ್ಥ ಬರೆಯಿಸಿ ಬೆಳೆಸಿದ ಶಾಲೆಗಳು ನಮ್ಮವು. ಹಂಗೇರಿಯ ದುಭಾಷಿ ಕಾಟೊ ಲೋಂಬ್ (1909–2003) ಹದಿನಾರರಷ್ಟು ಭಾಷೆಗಳಲ್ಲಿ ಕೆಲಸ ಮಾಡಿದವರು, ಬಹುಪಾಲು ಕಾದಂಬರಿ ಓದಿಯೇ ಕಲಿತವರು. ಮುಖ್ಯವಾದ ಪದ ಹೇಗೂ ಮತ್ತೆ ಬಂದೇ ಬರುತ್ತದೆ ಎಂಬುದು ಅವರ ಧೈರ್ಯ. ಆದರೆ ಅವರು ಮೊದಲೇ ದೊಡ್ಡವರ ಕಾದಂಬರಿಗೆ ಕೈಹಾಕಿ ಗೆದ್ದವರು. ಅಂಥ ಹಟ ಎಲ್ಲರಲ್ಲೂ ಇರುವುದಿಲ್ಲ. ಅಸಾಮಾನ್ಯರ ದಾರಿಯನ್ನು ಸಾಮಾನ್ಯರಿಗೆ ಬೋಧಿಸುವುದರಲ್ಲಿ ಅರ್ಥವಿಲ್ಲ.

ಇನ್ನು ಮರಾಠಿಯ ಮೆಟ್ಟಿಲುಗಳು. ಮೊದಲನೆಯದು ಮನೆಯಲ್ಲೇ ಇದೆ. 2020ರ ಕಾಯ್ದೆಯಿಂದ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯವಾಗಿದೆ, ಹಾಗಾಗಿ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಮಗುವಿನ ಚೀಲದಲ್ಲೂ ಒಂದು ಮರಾಠಿ ಪುಸ್ತಕ ಇರುತ್ತದೆ. ಸರ್ಕಾರಿ ಪಠ್ಯ ಅಚ್ಚುಮಾಡುವ ಬಾಲಭಾರತಿ ಪುಣೆಯದೇ ಸಂಸ್ಥೆ, 1967ರಲ್ಲಿ ಶುರುವಾದದ್ದು. ಅದರ ಪುಸ್ತಕಗಳು ಅಗ್ಗ, ಜಾಲತಾಣದಲ್ಲಿ ಪುಕ್ಕಟೆ. ಅದೇ ಸಂಸ್ಥೆಯ ‘ಕಿಶೋರ’ ಮಾಸಿಕ 1971ರಿಂದ ಬರುತ್ತಿದೆ. ಮೂರು ನಾಲ್ಕು ಪುಟದ ಕಥೆಗಳು, ಚಿತ್ರ, ಒಗಟು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕಥೆಗಳು ನಾಲ್ಕು ಮಟ್ಟಗಳಲ್ಲಿ ವಿಂಗಡವಾಗಿವೆ. ಅಲ್ಲಿನ ಎಷ್ಟೋ ಕಥೆಗಳು ಕನ್ನಡದಲ್ಲೂ ಇವೆ, ಮರಾಠಿಯಲ್ಲೂ ಇವೆ, ಚಿತ್ರವೂ ಅದೇ. ಮೊದಲು ಕನ್ನಡದಲ್ಲಿ ಓದಿ ಆಮೇಲೆ ಮರಾಠಿಗೆ ಹೋದರೆ ಅರ್ಧ ಅರ್ಥ ಮೊದಲೇ ಕೈಯಲ್ಲಿರುತ್ತದೆ. ಹಳೆಯ ತಲೆಮಾರಿಗೆ ಇದು ಹೊಸದಲ್ಲ. ನಮ್ಮ ‘ಚಂದಮಾಮ’ವೇ ಮರಾಠಿಯಲ್ಲಿ ‘ಚಾಂದೋಬಾ’ ಆಗಿತ್ತು. ಬೇತಾಳ ಎರಡು ಭಾಷೆಯಲ್ಲೂ ಅದೇ ಮರಕ್ಕೆ ಹೋಗಿ ನೇತಾಡುತ್ತಿತ್ತು.

ಆಮೇಲೆ ಭಾ. ರಾ. ಭಾಗವತರ ಫಾಸ್ಟರ್ ಫೇಣೆ. ಕಥಾನಾಯಕ ಬನೇಶ ಫೇಣೆ ಹಡಪಸರದ ಆಚೆಯ ಫುರಸುಂಗಿಯ ಹುಡುಗ, ಓದುವುದು ಪುಣೆಯಲ್ಲಿ. ರಸ್ತೆ, ಸೈಕಲ್ಲು, ಪೇಟೆ ಎಲ್ಲ ಕಂಡು ಬಲ್ಲವು. ಸಾಲುಗಳು ಚಿಕ್ಕವು, ಓಟ ಜೋರು. ಒಂದೇ ನಾಯಕನ ಪುಸ್ತಕ ಸಾಲಾಗಿ ಓದುವುದರಲ್ಲಿ ಒಂದು ಲಾಭವಿದೆ: ಅದೇ ಲೇಖಕನ ಅದೇ ಪದಗಳು ತಿರುಗಿ ತಿರುಗಿ ಬರುತ್ತವೆ, ಮೊದಲನೆಯ ಪುಸ್ತಕಕ್ಕೆ ಪಟ್ಟ ಶ್ರಮ ಎರಡನೆಯದಕ್ಕೆ ಬೇಕಿಲ್ಲ. ದೊಡ್ಡವರಿಗೆ ಬಾಬುರಾವ್ ಅರ್ನಾಳಕರರ ಪತ್ತೇದಾರಿಗಳಿವೆ, ಸಾವಿರಕ್ಕೂ ಮಿಕ್ಕಿ ಬರೆದ ಪುಣ್ಯಾತ್ಮ. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಎಷ್ಟು ಜನರಿಗೆ ಓದಿನ ಹುಚ್ಚು ಹಿಡಿಸಿದನೋ, ಅಲ್ಲಿ ಝುಂಝಾರ ಮತ್ತು ಕಾಳಾಪಹಾಡ ಹಿಡಿಸಿದರು. ಇದು ಸಾಹಿತ್ಯವೇ ಎಂದು ಮೂಗು ಮುರಿಯುವವರು ಮುರಿಯಲಿ. ಭಾಷೆ ಕಲಿಯುವವನಿಗೆ ಮುಂದೇನಾಯಿತು ಎಂಬ ಕುತೂಹಲಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ.

ಸಾನೆ ಗುರೂಜಿಯವರ ‘ಶ್ಯಾಮಚೀ ಆಯಿ’ ಇದರ ಮುಂದಿನ ಮೆಟ್ಟಿಲು. 1933ರಲ್ಲಿ ನಾಶಿಕದ ಜೈಲಿನಲ್ಲಿ ಬರೆದದ್ದು. ಇಡೀ ಪುಸ್ತಕ 42 ರಾತ್ರಿಗಳಾಗಿ ಒಡೆದಿದೆ, ರಾತ್ರಿಗೊಂದು ಪ್ರಸಂಗ. ದುಡಿದು ಬಂದವನು ಮಲಗುವ ಮುಂಚೆ ಒಂದು ರಾತ್ರಿ ಓದಿದರೆ ಒಂದೂವರೆ ತಿಂಗಳಲ್ಲಿ ಮುಗಿಯುತ್ತದೆ. ಪು. ಲ. ದೇಶಪಾಂಡೆಯವರ ‘ವ್ಯಕ್ತಿ ಆಣಿ ವಲ್ಲೀ’ ಹತ್ತುವುದಕ್ಕೆ ಅವಸರ ಬೇಡ. ಅದರ ನಗೆಯೆಲ್ಲ ಊರೂರಿನ ಮಾತಿನ ಧಾಟಿಯಲ್ಲಿದೆ. ಅಂತು ಬರ್ವಾನ ಕೊಂಕಣದ ಕೊಂಕು ಹಿಡಿಯದಿದ್ದರೆ, ಎಲ್ಲರೂ ನಗುವಾಗ ತಾನೊಬ್ಬ ಸುಮ್ಮನೆ ಕೂತಂತಾಗುತ್ತದೆ.

ಮಧ್ಯದಲ್ಲಿ ಒಂದು ಅಡ್ಡಿ ಇದೆ, ಅದು ಪದಗಳದ್ದಲ್ಲ, ನಾಚಿಕೆಯದು. ಮೀಸೆ ಬಂದವನು ಇಲಿಯ ಕಥೆ ಓದುವುದೇ? ಬಸ್ಸಿನಲ್ಲಿ ಯಾರಾದರೂ ಕಂಡರೆ? ಇದಕ್ಕೆ ಹೆಂಗಸರು ಉಪಾಯ ಕಂಡುಕೊಂಡಿದ್ದಾರೆ: ಮಗುವನ್ನು ಓದಿಸುವ ನೆಪದಲ್ಲಿ ತಾವೂ ಓದುತ್ತಾರೆ. ಮಗು ಎರಡನೇ ಇಯತ್ತೆಯಿಂದ ಐದಕ್ಕೆ ಹೋಗುವಷ್ಟರಲ್ಲಿ ತಾಯಿಯೂ ಸದ್ದಿಲ್ಲದೆ ಐದು ಪಾಸಾಗಿರುತ್ತಾಳೆ. ಗಂಡಸರಿಗೆ ಈ ನೆಪವೂ ಬೇಡವಾಗಿದೆ, ಹಾಗಾಗಿ ಹಿಂದುಳಿದಿದ್ದಾರೆ.

ಪರಭಾಷೆಯನ್ನು ಓದಿ ವಶಮಾಡಿಕೊಳ್ಳುವುದು ಕನ್ನಡಕ್ಕೆ ಹಳೆಯ ಅಭ್ಯಾಸ. ಬಿ. ವೆಂಕಟಾಚಾರ್ಯರು (1845–1914) ಮೈಸೂರು ಸೀಮೆಯಲ್ಲಿ ನ್ಯಾಯಾಂಗದ ನೌಕರಿ ಮಾಡುತ್ತಲೇ ಬಂಗಾಳಿ ಕಲಿತು, ವಿದ್ಯಾಸಾಗರರನ್ನೂ ಬಂಕಿಮಚಂದ್ರರನ್ನೂ ಕನ್ನಡಕ್ಕೆ ತಂದರು. ಗಳಗನಾಥರು ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ತಂದರು. ಪುಣೆಯಲ್ಲಿ ಓದಿದ ಆಲೂರ ವೆಂಕಟರಾಯರು ಟಿಳಕರ ಗೀತಾರಹಸ್ಯವನ್ನು ಕನ್ನಡಿಸಿದರು. ಕನ್ನಡದಲ್ಲಿ ಕಾದಂಬರಿ ಓದುವ ಜನ ಹುಟ್ಟಿದ್ದೇ ಹೀಗೆ ಓದಿ ಕಲಿತವರ ದೆಸೆಯಿಂದ.

ಈ ಪದ್ಧತಿಯ ಮಿತಿಯನ್ನೂ ಹೇಳಬೇಕು. ಬರೀ ಓದಿನಿಂದ ನಾಲಗೆ ಹೊರಳುವುದಿಲ್ಲ. ಬರ್ಲಿನ್ನಿಗೆ ಹೋಗಲಿರುವ ನರ್ಸ್ ಜರ್ಮನ್ ಕಥೆ ಓದಿದಷ್ಟೇ ಆಡಿಯೂ ನೋಡಬೇಕು. ಅಕ್ಷರವೇ ಇಲ್ಲದ ಕಟ್ಟಡ ಕಾರ್ಮಿಕರಿಗೆ ಇದರಿಂದ ಸದ್ಯಕ್ಕೆ ಉಪಯೋಗವಿಲ್ಲ, ಅವರಿಗೆ ಮೊದಲು ಬೇಕಾದದ್ದು ಅಕ್ಷರ. ಆದರೆ ಮಾತು ಬಲ್ಲ, ಲಿಪಿ ಬಲ್ಲ, ಓದು ಮಾತ್ರ ಬಾರದ ಭೋಸರಿಯ ಕನ್ನಡಿಗನಷ್ಟು ಇದಕ್ಕೆ ಹೇಳಿ ಮಾಡಿಸಿದ ವಿದ್ಯಾರ್ಥಿ ಸಿಗುವುದು ವಿರಳ.

ಅದೇ ಮನೆಯಲ್ಲಿ ಉಲ್ಟಾ ವಿದ್ಯಾರ್ಥಿಯೂ ಇದ್ದಾನೆ. ಇಲ್ಲೇ ಹುಟ್ಟಿದ ಮಗ ಅಜ್ಜಿಯ ಜೊತೆ ಕನ್ನಡ ಆಡುತ್ತಾನೆ, ಕನ್ನಡ ಅಕ್ಷರ ಕಂಡರೆ ಜಿಲೇಬಿ ಎನ್ನುತ್ತಾನೆ. ಅವನಿಗೆ ವರ್ಣಮಾಲೆ ಕಲಿಸಿದ ಮರುವಾರವೇ ಕಾರಂತರನ್ನೋ ಕುವೆಂಪು ಅವರನ್ನೋ ಕೈಗಿಡುವುದು ನಮ್ಮ ಅಭಿಮಾನದ ಅತಿರೇಕ. ಆಳಂದಿಯಿಂದ ತಂದ ಜ್ಞಾನೇಶ್ವರಿಗೆ ಆದದ್ದೇ ಆ ಪುಸ್ತಕಗಳಿಗೂ ಆಗುತ್ತದೆ. ಅವನಿಗೂ ಬೇಕಾದದ್ದು ಪುಟಕ್ಕೆ ನಾಲ್ಕೇ ಹೊಸ ಪದವಿರುವ ಕನ್ನಡ ಪುಸ್ತಕ. ಸೊಲ್ಲಾಪುರ, ಜತ್ತ ಕಡೆಯ ಕನ್ನಡ ಶಾಲೆಗಳಿಗಾಗಿ ಬಾಲಭಾರತಿ ಕನ್ನಡದಲ್ಲೂ ಪಠ್ಯ ಅಚ್ಚುಮಾಡುತ್ತದೆ ಎಂಬುದು ಪುಣೆಯ ಬಹಳ ಕನ್ನಡಿಗರಿಗೆ ಗೊತ್ತೇ ಇಲ್ಲ.

ಹಾಗಾಗಿ ಕನ್ನಡ ಸಂಘಗಳಲ್ಲಿ, ಕಾರ್ಖಾನೆಗಳ ಕಾರ್ಮಿಕ ಸಂಘಟನೆಗಳಲ್ಲಿ ಒಂದು ವಿನಂತಿ. ರಾಜ್ಯೋತ್ಸವದ ಶಾಲು ಹಾರಗಳ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಒಂದು ಕಪಾಟು ಕೊಳ್ಳಿರಿ. ಒಂದು ಬದಿಗೆ ಮರಾಠಿ, ಒಂದು ಬದಿಗೆ ಕನ್ನಡ, ಪುಸ್ತಕದ ಬೆನ್ನಿಗೆ ಮಟ್ಟ ತಿಳಿಸುವ ಬಣ್ಣದ ಚೀಟಿ: ಹಸಿರು ತೀರ ಸುಲಭಕ್ಕೆ, ಹಳದಿ ನಡುವಿನದಕ್ಕೆ, ಕೆಂಪು ದೊಡ್ಡವರ ಕಾದಂಬರಿಗೆ. ವಿಷಯವಾರು ಜೋಡಿಸಬೇಡಿ, ಲೇಖಕರ ಹೆಸರಿನಂತೆಯೂ ಬೇಡ. ಹಸಿರು ಚೀಟಿಯವೇ ಹೆಚ್ಚಿರಲಿ, ಯಾರು ಯಾವುದನ್ನು ಅರ್ಧಕ್ಕೆ ಬಿಟ್ಟು ತಂದುಕೊಟ್ಟರೂ ಕಾರಣ ಕೇಳಬೇಡಿ. ಪುಣೆಯ ಅಪ್ಪಾ ಬಳವಂತ ಚೌಕದಲ್ಲಿ ಒಂದು ಮಧ್ಯಾಹ್ನ ಸುತ್ತಾಡಿದರೆ ಮರಾಠಿಯ ಬದಿ ತುಂಬುತ್ತದೆ. ಕನ್ನಡದ ಬದಿಗೆ ಬೇಕಾದ ಪುಸ್ತಕಗಳನ್ನು ಊರಿಗೆ ಹೋಗಿ ಬರುವವರು ಚೀಲದಲ್ಲಿ ತರಬಹುದು.